ಸಾಹುಕಾರರಿಗೆ ಸಾಬೂನ ಬಹುಮಾನ

ಏಡನ್ ಬಂದರ, ೧೯೬೨

ಅಕ್ಕಾ,

ಲಂಡನ್ ಇನ್ನೂ ದೂರ ಐತಿ. ಹಡಗಿನ್ಯಾಗ ಭಾಳ ಮಂದಿಗೆ ಹೊಟ್ಟಿ ಕೆಟ್ಟೈತಿ. ನಂದು ನೆಟ್ಟಗೈತಿ, ಅವ್ವಗ ಹೇಳು. ಸಾಬೂನ ಹಚ್ಚಿ ಕೈ ತೊಳಕೊಂಡು ಊಟಕ್ಕ ಬರ್ರಿ ಅಂತ ಡಾಕ್ಟರ್ ದಿನಾ ಒದರತಾರ, ಯಾರೂ ಕೇಳವಲ್ಲರು.

ನನ್ನ ಟೇಬಲ್ಲಿಗೆ ಹುಬ್ಬಳ್ಳಿಯ ಹತ್ತಿ-ಅರಳಿ ವ್ಯಾಪಾರದ ಸಾಹುಕಾರ್ರೊಬ್ಬರು ಅದಾರ. ನಾ ಧಾರವಾಡದವ ಅಂದಕೂಡ್ಲೆ ಖುಷಿಯಾಗಿ, "ಯಾವ ಮಂದಿ ನೀವು?" ಅಂದ್ರು. "ಊರ ಹೊರಗಿನ ಕೇರಿಯವರು, ಈಗ ಬೌದ್ಧರಾಗೇವ್ರಿ" ಅಂದೆ. ಅವತ್ತಿನಿಂದ ನಾ ಉಪ್ಪಿನ ಡಬ್ಬಿ ದಾಟಿಸಿದ್ರೂ ಎದ್ದು ಹೋಗಿ ಕೈ ತೊಳಕೊಂಡು ಬರತಾರ.

ಡಾಕ್ಟರಿಗೆ ಇದೇನು ಗೊತ್ತು? ನಿನ್ನೆ ಎಲ್ಲಾರ ಮುಂದ, "ಇವರನ್ನ ನೋಡಿ ಕಲೀರಿ" ಅಂತ ಸಾಹುಕಾರ್ರನ್ನ ಹೊಗಳಿ, ಬಹುಮಾನದ ಸಾಬೂನ ನನ್ನ ಕೈಯಾಗಿಟ್ಟು, "ನಿಮ್ಮ ಕಡೆಯವರು, ನೀವ ಕೊಡ್ರಿ" ಅಂದ್ರು. ಸಾಹುಕಾರ್ರ ಮಾರಿ ಬಿಳಚಿತು. ನಾ ಚಾಚಿದ ಕೈ ಹಿಂದ ತಗೀಲಿಲ್ಲ. ಮಂದಿ ನೋಡಾಕತ್ತಿದ್ರು, ಅವರಿಗೆ ತಗೊಳ್ಳದ ಬ್ಯಾರೆ ಗತಿ ಇರಲಿಲ್ಲ. ಸಾಬೂನ ಕೊಟ್ಟು ಕೈನೂ ಕುಲುಕಿಬಿಟ್ಟೆ.

ಅವರು ಸೀದಾ ನಳದ ಕಡೆ ಓಡಿ, ನಾ ಕೊಟ್ಟ ಸಾಬೂನಲೇ ತಿಕ್ಕಿ ತಿಕ್ಕಿ ತೊಳದ್ರು. "ನೋಡ್ರಿ, ಮತ್ತ ತೊಳಕೊಳ್ಳಾಕತ್ತಾರ!" ಅಂತ ಡಾಕ್ಟರ್ ಕುಣದಾಡಿದ್ರು. ಮಂದಿ ಚಪ್ಪಾಳಿ ಹೊಡದ್ರು. ಎಲ್ಲಾರಕಿಂತ ಜೋರ ನಾ ಹೊಡದೆ.

ಟಪಾಲ ಚೀಲ ಕಟ್ಟಾಕತ್ತಾರ.

ನಿನ್ನ ತಮ್ಮ,
ನೀಲಪ್ಪ