ಅತ್ತೆಯ ಕಾಲುಗುರು

ಅತ್ತೆಯವರಿಗೆ ನಮಸ್ಕಾರಗಳು.

ಫೋನಿನಲ್ಲಿ ಮಾತಾಡಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ನಿಮ್ಮ ಮಗಳು ಎಲ್ಲ ಹೇಳಿದಳು. ಹೆಬ್ಬೆರಳಿನ ಉಗುರು ಮಾಂಸದೊಳಗೆ ಬೆಳೆದು ಕೀವಾಗಿದೆಯಂತೆ. ಬಗ್ಗಿ ಕತ್ತರಿಸಲಾಗದೆ, ಯಾರನ್ನೂ ಕೇಳಲಾಗದೆ ತಿಂಗಳುಗಟ್ಟಲೆ ಸುಮ್ಮನಿದ್ದಿರಂತೆ. ನಾನೋ, "ಊಟಕ್ಕೆ ಕರೆದ್ರೂ ಏಳಲ್ಲ, ಮಹಾರಾಣಿ ಥರ ಕೂತಿರ್ತೀರಿ" ಎಂದು ನೆಂಟರೆದುರೇ ಅಂದುಬಿಟ್ಟೆ. ಆಗ ನೀವು ಗೋಡೆ ಹಿಡಿದುಕೊಂಡು ಎದ್ದು ಬಂದದ್ದು ಕಣ್ಣಿಗೆ ಕಟ್ಟಿದಂತಿದೆ. ಮರುದಿನವೇ ನೀವು ಮಗಳ ಮನೆಗೆ ಹೊರಟಿರಿ. ನಾನು ತಡೆಯಲಿಲ್ಲ.

ನಿಮ್ಮ ಹಾಗೆ ಸಕ್ಕರೆ ಕಾಯಿಲೆ ಇರುವವರು ಇಂಥ ಉಗುರನ್ನು ಮನೆಯಲ್ಲಿ ಕತ್ತರಿಸಬಾರದಂತೆ. ವಯಸ್ಸಾದವರ ಪಾದಗಳನ್ನೇ ನೋಡುವ ಕ್ಲಿನಿಕ್ಕೊಂದನ್ನು ಹುಡುಕಿ, ಗುರುವಾರ ಬೆಳಿಗ್ಗೆಗೆ ಗೊತ್ತುಮಾಡಿದ್ದೇನೆ. "ಉಗುರು ಕತ್ತರಿಸೋಕೂ ದುಡ್ಡು ಸುರೀಬೇಕಾ?" ಎಂದು ನೀವು ರೇಗುತ್ತೀರಿ, ಗೊತ್ತು. ನನ್ನ ಸಂಬಳದಿಂದ ವರ್ಷಕ್ಕಾಗುವಷ್ಟು ಕಟ್ಟಿಯಾಗಿದೆ. ಹಣ ವಾಪಸ್ ಕೊಡುವುದಿಲ್ಲವಂತೆ, ಹಾಗಾಗಿ ಬೇಡ ಎನ್ನಬೇಡಿ.

ಟ್ಯಾಕ್ಸಿ ತೆಗೆದುಕೊಂಡು ನಾನೇ ಬರುತ್ತೇನೆ. ಸಡಿಲವಾದ ಚಪ್ಪಲಿ ಹಾಕಿಕೊಂಡಿರಿ. ನನ್ನೆದುರು ಕಾಲು ತೋರಿಸಲು ಸಂಕೋಚವಾದರೆ ಹೊರಗೆ ಕೂತಿರುತ್ತೇನೆ. ವಾಪಸ್ ಬರುವಾಗ ಯಾವ ಮನೆಗೆ ಹೋಗಬೇಕೆಂದು ಡ್ರೈವರಿಗೆ ನೀವೇ ಹೇಳಿ. ನಾನು ಬಾಯಿ ತೆರೆಯುವುದಿಲ್ಲ.

ನಿಮ್ಮ ಸೊಸೆ