ಹಳೆಯ ಸೀರೆಯ ಸ್ಟ್ರೆಚರ್

ಸತ್ತಿ ಗ್ರಾಮ, ೧೯೯೩

ತುಳಸಕ್ಕಾ,

ಸತ್ತವಳಿಗೆ ಬರೆಯುವುದು ಹುಚ್ಚುತನ. ಆದರೂ ಇದನ್ನು ಬೇರೆ ಯಾರಿಗೆ ಹೇಳಲಿ?

ಇಂದು ಚಿಕ್ಕೋಡಿಯಲ್ಲಿ ನರ್ಸಿಂಗ್ ಕಲಿಯಬಯಸುವ ವಿದ್ಯಾರ್ಥಿಗಳ ಸಮ್ಮೇಳನವಿತ್ತು. ಬೆಳಿಗ್ಗೆ ಬ್ಯಾಂಡೇಜ್ ಕಟ್ಟಲು ಕಲಿಸಿದರು. ಮಧ್ಯಾಹ್ನ ಸ್ಪರ್ಧೆ. ಎರಡು ಬಿದಿರು ಕೋಲು, ಮನೆಯಿಂದ ತಂದ ಹಳೆಯ ಸೀರೆ ಬಳಸಿ ರೋಗಿಯನ್ನು ಹೊರುವ ಸ್ಟ್ರೆಚರ್ ಮಾಡಬೇಕಿತ್ತು. ನಾನು ನಿನ್ನ ಹಸಿರು ಇಳಕಲ್ ಸೀರೆ ಒಯ್ದಿದ್ದೆ. ಮೊದಲ ಬಹುಮಾನ ಬಂತು.

ಅಪ್ಪ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. "ನನ್ನ ಮಗಳ್ರಿ ಆಕಿ," ಎಂದು ಪಕ್ಕದವರಿಗೆ ಹೇಳಿದ.

ಹೆತ್ತ ಮೇಲೆ ನಿನಗೆ ರಕ್ತ ನಿಲ್ಲದಿದ್ದಾಗ, ಹೊತ್ತುಕೊಂಡಾದರೂ ಆಸ್ಪತ್ರೆಗೆ ಹೋಗೋಣವೆಂದು ನಾನು ಅವನ ಕಾಲು ಹಿಡಿದಿದ್ದೆ. "ಬಾಣಂತೀನ ಊರ ಮುಂದ ಹೊತ್ಕೊಂಡ ಹೋದ್ರ ಮರ್ಯಾದಿ ಉಳೀತೈತೇನ? ಜೀಪ ಬರ್ಲಿ," ಎಂದು ಬಾಗಿಲಿಗೆ ಅಡ್ಡ ಕೂತವನೂ ಇವನೇ.

ಕಾರ್ಯಕ್ರಮ ಮುಗಿದ ಮೇಲೆ ಸೀರೆ ಬಿಚ್ಚಿ ಅವನ ಕೈಗೆ ಕೊಟ್ಟೆ.

"ಗಟ್ಟಿ ಸೀರಿ ಐತಿ ಬೇ," ಎಂದ. "ಯಾರದಿದು?"