ಬೀಗರ ಮನೆಯ ಮುಂದೆ ನಿಲ್ಲದ ಕಾರು

ಬೀದರ, ಫೆಬ್ರುವರಿ 1957

ಭಾಲ್ಕಿಯ ಕ್ರಿಸ್ತಪ್ಪ ಮಾಸ್ತರರ ಸನ್ನಿಧಿಗೆ ಯಾಕೋಬನ ಸವಿನಯ ನಮಸ್ಕಾರಗಳು.

ಹೋದ ತಿಂಗಳು ನಿಮ್ಮ ಮಗಳು ನವೊಮಿಯವರನ್ನು ನೋಡಲು ಬಂದವನು ಬಾಗಿಲಲ್ಲಿ ನಿಲ್ಲದೆ, ಕೈ ಬೀಸಿ ಮುಂದೆ ಹೋದೆ. ಅದು ಸೊಕ್ಕಲ್ಲ, ಹಿಡಿಯದ ಬ್ರೇಕು. ಪಕ್ಕದಲ್ಲಿದ್ದ ಅವ್ವ "ಮನಿ ಹಿಂದೇ ಉಳೀತಲ್ಲೋ!" ಎಂದು ಕೂಗುತ್ತಲೇ ಇದ್ದಳು. ನನ್ನ ಎರಡು ಸೀಟಿನ ಹಳೆಯ ರೇಸ್ ಕಾರು ನಿಂತದ್ದು ಭಾತಂಬ್ರಾ ದಾರಿಯ ಜೋಳದ ಹೊಲದಲ್ಲಿ. ಮರಳಿ ಬರುವಷ್ಟರಲ್ಲಿ ನೀವು ಬಾಗಿಲು ಹಾಕಿದ್ದಿರಿ. "ನಮ್ಮ ಮನಿ ಮುಂದ ನಿಲ್ಲದಾಂವಗ ಮಗಳನ್ನ ಕೊಡಂಗಿಲ್ಲ" ಎಂದು ಹೇಳಿಯೂ ಕಳಿಸಿದಿರಿ. ನ್ಯಾಯವೇ.

ಬ್ರೇಕಿಗಾಗಿ ಮೊದಲಿನಂತೆ ಹೈದರಾಬಾದಿಗೆ ಉರ್ದುವಿನಲ್ಲಿ ಬರೆಯಬಹುದಿತ್ತು. ಈಗ ನಾವು ಮೈಸೂರು ರಾಜ್ಯದವರಲ್ಲವೇ ಎಂದು ಬೆಂಗಳೂರಿನ ಅಂಗಡಿಯೊಂದಕ್ಕೆ ಶುದ್ಧ ಕನ್ನಡದಲ್ಲಿ "ಒಳ್ಳೆಯ ಬ್ರೇಕ್ ಪಟ್ಟಿ ಕಳಿಸಿರಿ" ಎಂದು ಬರೆದೆ. ಅವರು ತಮ್ಮಲ್ಲಿರುವ ಬ್ರೇಕುಗಳ ಹೆಸರನ್ನೆಲ್ಲ ಕಾಗದದಲ್ಲಿ ಪಟ್ಟಿ ಮಾಡಿ ಕಳಿಸಿದರು! ನಾನು ಕೇಳಿದ್ದು ಚಕ್ರವನ್ನು ಒತ್ತಿ ನಿಲ್ಲಿಸುವ ಪಟ್ಟಿ; ಆ ಕಾಗದವನ್ನು ಚಕ್ರಕ್ಕೆ ಕಟ್ಟಲಾದೀತೇ?

ಕೊನೆಗೆ ಇಲ್ಲಿಯ ಖಾಜಾಮಿಯಾ ಮಿಸ್ತ್ರಿ ಎರಡು ಬಗೆಯ ಪಟ್ಟಿ ತೋರಿಸಿದರು. ರೇಸಿನದು ಕಾದ ಮೇಲೆಯೇ ಬಿಗಿಯಾಗಿ ಹಿಡಿಯುತ್ತದೆ, ಮೆತ್ತನೆಯದು ತಣ್ಣಗಿದ್ದಾಗಲೂ ಹಿಡಿಯುತ್ತದೆ. ನಾನು ರೇಸಿನದಕ್ಕೇ ಕೈ ಹಾಕಿದೆ.

"ಸಾಹೇಬ್ರ, ರೇಸಿಗಿ ಹೊಂಟೀರೋ, ಬೀಗರ ಮನಿಗಿ ಹೊಂಟೀರೋ?" ಎಂದರು ಮಿಸ್ತ್ರಿ.

ಕಾರಿನ ಮಾನ ಬದಿಗಿಟ್ಟು ಮೆತ್ತನೆಯದನ್ನೇ ಹಾಕಿಸಿದೆ.

ಬರುವ ಭಾನುವಾರ ಚರ್ಚ್ ಬಿಟ್ಟ ಮೇಲೆ ಬರಲು ಅಪ್ಪಣೆ ಕೊಡಿರಿ. ನಿಲ್ಲುವುದು ಖಚಿತ. ನವೊಮಿಯವರು ಒಪ್ಪಿಬಿಟ್ಟರೆ, ಅಲ್ಲಿಂದ ಹೊರಡುವ ಭರವಸೆ ಮಾತ್ರ ಕೊಡಲಾರೆ.

ತಮ್ಮ ಅಳಿಯನಾಗುವ ಉಮೇದುವಾರ,
ಯಾಕೋಬ